ಮೆಟ್ಟಿಲ ಮೇಲೆ ಬಿದ್ದ ಕ್ಯಾಪ್ಟನ್

2007ರ ಮಾರ್ಚ್ 7 ಬುಧವಾರವಾಗಿತ್ತು. ಅಮೆರಿಕದ ಕಾಮಿಕ್ಸ್ ಓದುಗರಿಗೆ ಬುಧವಾರವೆಂದರೆ ಹೊಸ ಸಂಚಿಕೆಗಳು ಅಂಗಡಿಗೆ ಬರುವ ದಿನ; ನಮ್ಮಲ್ಲಿ ಶುಕ್ರವಾರ ಹೊಸ ಸಿನಿಮಾ ತೆರೆ ಕಾಣುವ ಹಾಗೆ. ಆಗ ನಾನು ಜರ್ಸಿ ಸಿಟಿಯಲ್ಲಿ ವಾಸವಾಗಿದ್ದೆ, ಕೆಲಸ ನದಿಯಾಚೆ ಮ್ಯಾನ್‌ಹಟನ್ನಿನ ದಕ್ಷಿಣದ ತುದಿಯಲ್ಲಿತ್ತು. ಬೆಳಗಿನ ರೈಲಿನಲ್ಲಿ ಎದುರು ನಿಂತಿದ್ದ ಒಬ್ಬರ ಕೈಯಲ್ಲಿದ್ದ ಪತ್ರಿಕೆ ನನಗೆ ಆ ಸುದ್ದಿಯನ್ನು ಹೇಳಿತು: ಕಾಮಿಕ್ಸ್‌ನ ಸೂಪರ್‌ಹೀರೋ ಕ್ಯಾಪ್ಟನ್ ಅಮೆರಿಕ ಸತ್ತಿದ್ದಾನೆ. ಸಂಜೆ ಅಂಗಡಿಗೆ ಹೋಗಿ, ನನ್ನ ಹೆಸರಿನಲ್ಲಿ ಎತ್ತಿಟ್ಟಿರುವ ಅವನ 25ನೇ ಸಂಚಿಕೆಯನ್ನು ತಂದು, ಊಟವಾದ ಮೇಲೆ ಸಾವಕಾಶವಾಗಿ ಓದಬೇಕೆಂದುಕೊಂಡಿದ್ದವನಿಗೆ, ಕಥೆಯ ಕೊನೆಯನ್ನು ಅಪರಿಚಿತರೊಬ್ಬರ ಮಡಿಸಿದ ಪತ್ರಿಕೆಯ ಅರ್ಧ ಪುಟದಿಂದ ತಿಳಿಯುವಂತಾಯಿತು. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಗುಟ್ಟು ರಟ್ಟಾದ ಸಿಟ್ಟು.

ಮಧ್ಯಾಹ್ನ ಮನೆಗೆ ಫೋನು ಮಾಡಿದಾಗ ನನ್ನ ದನಿ ಕುಗ್ಗಿದ್ದುದನ್ನು ಹೆಂಡತಿ ಗಮನಿಸಿದಳು. "ಯಾರ್ರೀ ಹೋದ್ರು? ಊರಿಂದ ಫೋನ್ ಬಂತಾ?" ಎಂದು ಗಾಬರಿಯಿಂದ ಕೇಳಿದಳು. ವಿಷಯ ತಿಳಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರೆ ಬಂದ ತಕ್ಷಣ ತಲೆಗೆ ನೀರು ಹಾಕ್ಕೊಳ್ಳಿ, ಸೂತಕ" ಎಂದಳು. ಅವಳು ನಕ್ಕಳು, ನಾನೂ ನಕ್ಕೆ. ಆದರೆ ಆ ನಗೆಯಲ್ಲಿ ನಾಚಿಕೆಯೂ ಸೇರಿತ್ತು. ಅದಕ್ಕೆ ಹಿಂದಿನ ವರ್ಷ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ತೀರಿಕೊಂಡಾಗಲೂ ನಾನು ಇದೇ ಮನೆಯಲ್ಲಿ ಕುಳಿತು, ಬೆಂಗಳೂರಿನ ಬೀದಿಗಳ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದೆ. ಅದು ನಿಜವಾದ ಸಾವು, ನಮ್ಮವರ ಸಾವು. ಇದೋ ಬಣ್ಣದ ಕಾಗದದ ಮೇಲಿನ ಸಾವು. ಅದೂ ಬೇರೆ ದೇಶದ ಬಾವುಟವನ್ನು ಮೈಗೆ ಸುತ್ತಿಕೊಂಡವನದು. ಆದರೂ ಆ ದಿನ ನಾನು ಕಚೇರಿಯಲ್ಲಿ ಮಾಡಿದ ಕೆಲಸ ಅಷ್ಟಕ್ಕಷ್ಟೇ. ಯಾಕೆ ಹಾಗಾಯಿತೆಂಬುದನ್ನು ಇಷ್ಟು ವರ್ಷಗಳ ನಂತರ ಬರೆದು ನೋಡೋಣ ಎನ್ನಿಸಿದೆ.

ಸಂಜೆ ಅಂಗಡಿಯ ಮುಂದೆ ಎಂದೂ ಕಾಣದಷ್ಟು ಜನ ಸೇರಿದ್ದರು. ಟೈ ಕಟ್ಟಿಕೊಂಡವರು, ಮಕ್ಕಳನ್ನು ಎತ್ತಿಕೊಂಡವರು, ಈ ಸಂಚಿಕೆ ಮುಂದೆ ಚಿನ್ನದ ಬೆಲೆಗೆ ಮಾರಾಟವಾದೀತೆಂಬ ಆಸೆಯಿಂದ ಐದು ಪ್ರತಿ ಕೇಳುತ್ತಿದ್ದವರು. ಸಂಚಿಕೆ ಮಧ್ಯಾಹ್ನಕ್ಕೇ ಮುಗಿದಿತ್ತು. ಪ್ರತಿ ತಿಂಗಳೂ ಖರೀದಿಸುವ ಗಿರಾಕಿಗಳಿಗೆಂದು ಅಂಗಡಿಯವರು ಪ್ರತಿಗಳನ್ನು ಬೇರೆಯಾಗಿ ಎತ್ತಿಡುವ ಪದ್ಧತಿ ಅಲ್ಲಿದೆ. ನನ್ನದನ್ನು ಗಲ್ಲಾದ ಹಿಂದಿನ ಪೆಟ್ಟಿಗೆಯಿಂದ ತೆಗೆದು ಕೊಟ್ಟರು. ಪ್ಲಾಸ್ಟಿಕ್ ಹೊದಿಕೆಯೊಳಗೆ ಒಂದು ಚೀಟಿ. ನನ್ನ ಉದ್ದನೆಯ ಹೆಸರು ಅವರ ನಾಲಿಗೆಗೂ ಪೆನ್ಸಿಲ್ಲಿಗೂ ಒಗ್ಗದೆ ಮೊದಲ ನಾಲ್ಕಕ್ಷರಕ್ಕೆ ನಿಂತಿತ್ತು, ಅದರ ಮುಂದೆ "ಕ್ಯಾಪ್" ಎಂದು ಬರೆದಿತ್ತು. ಅಂಗಡಿಯವರು ಯಾವ ಮಾತನ್ನೂ ಆಡಲಿಲ್ಲ. ಚಿಲ್ಲರೆ ಎಣಿಸಿ ಕೊಡುವಾಗ ತಲೆಯನ್ನು ಒಮ್ಮೆ ಅಲ್ಲಾಡಿಸಿದರು, ಅಷ್ಟೆ.

ಆ ಸಂಚಿಕೆಯನ್ನು ಬರೆದವರು ಎಡ್ ಬ್ರೂಬೇಕರ್, ಚಿತ್ರ ಬಿಡಿಸಿದವರು ಸ್ಟೀವ್ ಎಪ್ಟಿಂಗ್. ಘಟನೆ ನಡೆಯುವುದು ಮ್ಯಾನ್‌ಹಟನ್ನಿನ ಫೆಡರಲ್ ನ್ಯಾಯಾಲಯದ ಮೆಟ್ಟಿಲುಗಳ ಮೇಲೆ. ಕ್ಯಾಪ್ಟನ್‌ನ ಕೈಗಳಿಗೆ ಬೇಡಿ ಬಿದ್ದಿದೆ, ಮುಖವಾಡ ಇಲ್ಲ, ಗುರಾಣಿ ಇಲ್ಲ. ಸುತ್ತಲೂ ಪೊಲೀಸರು, ಕ್ಯಾಮೆರಾಗಳು, ಬೈಯುವವರು, ಜೈಕಾರ ಹಾಕುವವರು. ಮುಂದೆ ನಡೆಯುತ್ತಿರುವ ಪೊಲೀಸನ ಬೆನ್ನಿನ ಮೇಲೆ ಕೆಂಪು ಲೇಸರ್ ಚುಕ್ಕೆಯೊಂದು ಓಡಾಡುವುದನ್ನು ಅವನ ಕಣ್ಣು ಹಿಡಿಯುತ್ತದೆ. ತನ್ನನ್ನು ಬಂಧಿಸಿ ಎಳೆದೊಯ್ಯುತ್ತಿರುವ ಆ ಮನುಷ್ಯನನ್ನು ಅವನು ಪಕ್ಕಕ್ಕೆ ತಳ್ಳುತ್ತಾನೆ, ಗುಂಡು ಇವನಿಗೆ ತಗಲುತ್ತದೆ. ಜನ ಚೆಲ್ಲಾಪಿಲ್ಲಿಯಾದ ಆ ಗದ್ದಲದಲ್ಲಿ ಅವನ ಹೊಟ್ಟೆಗೆ ತೀರ ಹತ್ತಿರದಿಂದ ಇನ್ನೂ ಮೂರು ಗುಂಡುಗಳು ಬೀಳುತ್ತವೆ. ದೂರದ ಕಟ್ಟಡದಿಂದ ಗುರಿಯಿಟ್ಟವನು ಕ್ರಾಸ್‌ಬೋನ್ಸ್ ಎಂಬ ಬಾಡಿಗೆಯ ಬಂಟ. ಹತ್ತಿರದಿಂದ ಹೊಡೆದವಳು ಶರಾನ್ ಕಾರ್ಟರ್, ಅವನ ಪ್ರಿಯತಮೆ. ಡಾಕ್ಟರ್ ಫೌಸ್ಟಸ್ ಎಂಬ ಮನೋವೈದ್ಯ ಅವಳ ಬುದ್ಧಿಯನ್ನು ವಶಮಾಡಿಕೊಂಡು, ಅವಳಿಗೇ ತಿಳಿಯದಂತೆ ಆ ಕೆಲಸವನ್ನು ಮಾಡಿಸಿದ್ದಾನೆ. ಎಲ್ಲದರ ಹಿಂದೆ ಇರುವುದು ಹಳೆಯ ವೈರಿ ರೆಡ್ ಸ್ಕಲ್. ಸಂಚಿಕೆಯ ಕೊನೆಯಲ್ಲಿ ತಾನೇನು ಮಾಡಿದೆನೆಂಬುದು ಶರಾನ್‌ಗೆ ನೆನಪಾಗುತ್ತದೆ. ರೈಲಿನಲ್ಲಿ ನೋಡಿದ ಆ ಪತ್ರಿಕೆಯ ಅರ್ಧ ಪುಟ ಈ ಭಾಗವನ್ನಾದರೂ ನನಗಾಗಿ ಉಳಿಸಿತ್ತು.

ಲೇಸರ್ ಚುಕ್ಕೆಯ ಆ ಪುಟವನ್ನು ನಾನು ಎಷ್ಟು ಸಲ ತಿರುವಿ ನೋಡಿದೆನೋ ಲೆಕ್ಕವಿಲ್ಲ. ಸೂಪರ್‌ಹೀರೋಗಳ ಸಾವೆಂದರೆ ಸಾಮಾನ್ಯವಾಗಿ ಊರಿಗೆ ಊರೇ ಉರಿಯುವ ಕಾಳಗ. 1992ರಲ್ಲಿ ಸೂಪರ್‌ಮ್ಯಾನ್ ಸತ್ತದ್ದು ಹಾಗೆ, ಹೊಡೆದಾಡಿ ಹೊಡೆದಾಡಿ, ಕೊನೆಯ ಪುಟಗಳನ್ನು ಚಿತ್ರಗಳೇ ನುಂಗಿಹಾಕುವಂತೆ. ಇಲ್ಲಿ ಕಾಳಗವಿಲ್ಲ. ಬೇಡಿ ಹಾಕಿಸಿಕೊಂಡ ಒಬ್ಬ ಕೈದಿ, ಅವನ ಮುಂದೆ ತನ್ನ ಕೆಲಸ ತಾನು ಮಾಡುತ್ತಿರುವ ಒಬ್ಬ ಪೊಲೀಸ್. ಆ ಪೊಲೀಸನಿಗೆ ನನ್ನ ಮಟ್ಟಿಗೆ ಹೆಸರೂ ಇಲ್ಲ. ಕ್ಯಾಪ್ಟನ್ ಯಾವ ಬಗೆಯ ಮನುಷ್ಯನೆಂದು ತಿಳಿಯಲು ಅರವತ್ತಾರು ವರ್ಷಗಳ ಕಥೆಗಳನ್ನು ಓದಬೇಕಾಗಿಲ್ಲ, ಆ ತಳ್ಳುವಿಕೆ ಸಾಕು.

ನಾನು ಮೊದಲಿನಿಂದ ಅವನ ಅಭಿಮಾನಿಯಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಚಿಕ್ಕಂದಿನಲ್ಲಿ ನಮ್ಮ ಕೈಗೆ ಸಿಗುತ್ತಿದ್ದುದು ಇಂದ್ರಜಾಲ ಕಾಮಿಕ್ಸ್‌ನ ಕನ್ನಡ ಸಂಚಿಕೆಗಳು, ಅವುಗಳಲ್ಲಿ ಫ್ಯಾಂಟಮ್. ಕಾಲೇಜಿಗೆಂದು ಬೆಂಗಳೂರಿಗೆ ಬಂದಾಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಕ್ಯಾಪ್ಟನ್ ಅಮೆರಿಕದ ಒಂದೆರಡು ಹರಿದ ಸಂಚಿಕೆಗಳು ಸಿಕ್ಕಿದ್ದವು. ತಲೆಯ ಮೇಲೆ ರೆಕ್ಕೆ, ಹಣೆಯ ಮೇಲೆ ಅಕ್ಷರ, ಎದೆಯ ಮೇಲೆ ನಕ್ಷತ್ರ, ಹೊಟ್ಟೆಯ ಸುತ್ತ ಪಟ್ಟೆ: ಇವನೇನು ಸೂಪರ್‌ಹೀರೋನೋ ರಾಯಭಾರ ಕಚೇರಿಯ ಮುಂದಿನ ಧ್ವಜಸ್ತಂಭವೋ ಎಂದು ಗೆಳೆಯರು ತಮಾಷೆ ಮಾಡುತ್ತಿದ್ದರು. ದೇಶದ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡವನು ಆ ದೇಶದ ಸರ್ಕಾರ ಹೇಳಿದ್ದಕ್ಕೆಲ್ಲ ಹೂಂ ಅನ್ನುವವನೇ ಇರಬೇಕೆಂಬ ನನ್ನ ಎಣಿಕೆ ಬಹಳ ಕಾಲ ಹಾಗೆಯೇ ಉಳಿಯಿತು.

ಆ ಎಣಿಕೆಗೆ ಮೊದಲ ಪೆಟ್ಟು ಬಿದ್ದದ್ದು ಅವನ ಹುಟ್ಟಿನ ಕಥೆಯನ್ನು ತಿಳಿದಾಗ. ಮೊದಲ ಸಂಚಿಕೆಯ ಮುಖಪುಟದಲ್ಲಿ ಅವನು ಹಿಟ್ಲರನ ದವಡೆಗೆ ಗುದ್ದುತ್ತಿದ್ದಾನೆ. ಮುಖಪುಟದ ಮೇಲಿನ ದಿನಾಂಕ ಮಾರ್ಚ್ 1941. ಅಂಗಡಿಗಳಿಗೆ ಬಂದದ್ದು ಅದಕ್ಕೂ ಮೊದಲು, 1940ರ ಡಿಸೆಂಬರ್‌ನಲ್ಲಿ. ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದದ್ದು 1941ರ ಡಿಸೆಂಬರ್ 7ರಂದು. ಅಂದರೆ ಅಮೆರಿಕ ಯುದ್ಧಕ್ಕೆ ಇಳಿಯುವುದಕ್ಕೆ ಒಂದು ವರ್ಷ ಮೊದಲೇ, ಇದು ನಮ್ಮ ಜಗಳವಲ್ಲ ಎಂದು ದೇಶದ ದೊಡ್ಡ ಭಾಗ ಹೇಳುತ್ತಿದ್ದಾಗಲೇ, ಈ ಚಿತ್ರ ಹೊರಬಂದಿತ್ತು. ಬಿಡಿಸಿದವರು ಜೋ ಸೈಮನ್ ಮತ್ತು ಜಾಕ್ ಕರ್ಬಿ, ಇಬ್ಬರೂ ಯಹೂದಿ ಮನೆತನದ ಹುಡುಗರು. ಕರ್ಬಿಯ ನಿಜವಾದ ಹೆಸರು ಜೇಕಬ್ ಕರ್ಟ್ಸ್‌ಬರ್ಗ್. ತಂದೆತಾಯಿ ಆಸ್ಟ್ರಿಯಾದ ಕಡೆಯಿಂದ ವಲಸೆ ಬಂದವರು, ಬೆಳೆದದ್ದು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನ ಇಕ್ಕಟ್ಟಿನ ಬೀದಿಗಳಲ್ಲಿ. ಆ ಮುಖಪುಟಕ್ಕಾಗಿ ಅಲ್ಲಿನ ನಾಜಿ ಬೆಂಬಲಿಗರಿಂದ ಬೆದರಿಕೆಗಳು ಬಂದವೆಂದೂ, ನಗರದ ಮೇಯರ್ ಲಾ ಗಾರ್ಡಿಯಾ ಸ್ವತಃ ಫೋನು ಮಾಡಿ ಧೈರ್ಯ ಹೇಳಿದರೆಂದೂ ಸೈಮನ್ ನೆನಪಿಸಿಕೊಂಡಿದ್ದಾರೆ. ಕಥೆಯೊಳಗಿನ ಸ್ಟೀವ್ ರೋಜರ್ಸ್, ಅಂದರೆ ಮುಖವಾಡದ ಹಿಂದಿನ ಕ್ಯಾಪ್ಟನ್, ಕೂಡ ಐರ್ಲೆಂಡಿನಿಂದ ವಲಸೆ ಬಂದ ದಂಪತಿಯ ಮಗ, ಅದೇ ಲೋಯರ್ ಈಸ್ಟ್ ಸೈಡ್‌ನ ಬಡಕಲು ಹುಡುಗ. ಸೈನ್ಯಕ್ಕೆ ಸೇರಲು ಹೋಗಿ, ಮೈಯಲ್ಲಿ ತ್ರಾಣವಿಲ್ಲವೆಂದು ಹಿಂದಕ್ಕೆ ಕಳುಹಿಸಲ್ಪಟ್ಟವನು, ಆಮೇಲೆ ವಿಶೇಷ ಔಷಧವೊಂದರಿಂದ ಬಲ ಪಡೆದವನು. ವೀಸಾದ ಮೇಲೆ ಬದುಕುತ್ತಿದ್ದ ನನಗೆ ಈ ವಿವರಗಳು ತಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ಪೆಟ್ಟು 1974ರ ಸಂಚಿಕೆಗಳು. ಇವನ್ನು ನಾನು ತಡವಾಗಿ, ಮರುಮುದ್ರಣದಲ್ಲಿ ಓದಿದೆ. ಅಧ್ಯಕ್ಷ ನಿಕ್ಸನ್ ಸಿಲುಕಿದ್ದ ವಾಟರ್‌ಗೇಟ್ ಹಗರಣ ಹೊಗೆಯಾಡುತ್ತಿದ್ದ ಕಾಲ. ಲೇಖಕ ಸ್ಟೀವ್ ಎಂಗಲ್‌ಹಾರ್ಟ್ ಒಂದು ರಹಸ್ಯ ಕೂಟದ ಕಥೆ ಬರೆದರು. ಅದರ ನಾಯಕನ ಬೆನ್ನಟ್ಟಿದ ಕ್ಯಾಪ್ಟನ್ ಕೊನೆಗೆ ತಲುಪುವುದು ಶ್ವೇತಭವನದ ಒಳಕೋಣೆಗೆ. ಅಲ್ಲಿ ನಾಯಕನ ಮುಸುಕು ಕಳಚುತ್ತದೆ. ಆ ಮುಖ ಓದುಗನಿಗೆ ಕಾಣುವುದಿಲ್ಲ, ಕ್ಯಾಪ್ಟನ್‌ಗೆ ಕಾಣುತ್ತದೆ, ಅಷ್ಟರಲ್ಲಿ ಆ ನಾಯಕ ತಾನೇ ಗುಂಡು ಹಾರಿಸಿಕೊಳ್ಳುತ್ತಾನೆ. ನಿಕ್ಸನ್ ರಾಜೀನಾಮೆ ಕೊಟ್ಟದ್ದು ಆ ವರ್ಷದ ಆಗಸ್ಟಿನಲ್ಲಿ. ಈ ಸಂಚಿಕೆಯ ಮೇಲಿನ ದಿನಾಂಕ ಜುಲೈ. ತನ್ನ ಮನಸ್ಸಿನಲ್ಲಿದ್ದುದು ನಿಕ್ಸನ್ ಮುಖವೇ ಎಂದು ಎಂಗಲ್‌ಹಾರ್ಟ್ ನಂತರ ಹೇಳಿದ್ದಾರೆ. ಅದಾದ ಮೇಲೆ ಕ್ಯಾಪ್ಟನ್ ಬಾವುಟದ ಬಟ್ಟೆಯನ್ನು ಕಳಚಿಟ್ಟು, ಕೆಲವು ಕಾಲ ನೋಮ್ಯಾಡ್, ಅಂದರೆ ದೇಶವಿಲ್ಲದ ಅಲೆಮಾರಿ, ಎಂಬ ಹೆಸರಿನಲ್ಲಿ ತಿರುಗುತ್ತಾನೆ. ಆ ಹೊಸ ವೇಷಕ್ಕೊಂದು ಉದ್ದನೆಯ ಮೇಲಂಗಿ ಹೊಲಿಸಿಕೊಂಡಿದ್ದವನು ಮೊದಲ ಹೊಡೆದಾಟದಲ್ಲೇ ಅದನ್ನು ಮೆಟ್ಟಿ ಮುಗ್ಗರಿಸುತ್ತಾನೆ. ಅಷ್ಟು ಗಂಭೀರವಾದ ಕಥೆಯ ನಡುವೆ ಈ ಎಡವಟ್ಟನ್ನು ಇಟ್ಟ ಲೇಖಕನ ಮೇಲೆ ನನಗೆ ಈಗಲೂ ಪ್ರೀತಿ.

ಇನ್ನೊಂದು ವಿಚಿತ್ರ ಸಂಗತಿಯಿದೆ. 1953-54ರಲ್ಲಿ ಅವನನ್ನು ಕಮ್ಯುನಿಸ್ಟರನ್ನು ಬಡಿಯುವವನನ್ನಾಗಿ ಮಾಡಿ ಮತ್ತೆ ಮಾರುಕಟ್ಟೆಗೆ ತರುವ ಪ್ರಯತ್ನವೊಂದು ನಡೆದಿತ್ತು; ಅದು ಫಲಿಸಲಿಲ್ಲ. 1964ರಲ್ಲಿ ಲೇಖಕ ಸ್ಟ್ಯಾನ್ ಲೀ ಮತ್ತು ಕರ್ಬಿ ಅವನನ್ನು ಮಂಜುಗಡ್ಡೆಯಿಂದ ಹೊರತೆಗೆದಾಗ, ಯುದ್ಧದ ಕೊನೆಯಿಂದ ಅಲ್ಲಿಯವರೆಗೆ ಅವನು ಹೆಪ್ಪುಗಟ್ಟಿ ಮಲಗಿದ್ದನೆಂದು ಕಥೆ ಕಟ್ಟಿದರು. ಹಾಗಾದರೆ 1953ರಲ್ಲಿ ಓಡಾಡಿದವನು ಯಾರು? 1972ರಲ್ಲಿ ಎಂಗಲ್‌ಹಾರ್ಟ್ ಉತ್ತರ ಕೊಟ್ಟರು: ಅವನು ಬೇರೆಯವನು, ವೇಷಧಾರಿ, ಸರಿಯಾಗಿ ಸಿದ್ಧವಾಗದ ಔಷಧ ತೆಗೆದುಕೊಂಡು ಬುದ್ಧಿ ಕೆಟ್ಟು, ಕಂಡವರೆಲ್ಲ ದ್ರೋಹಿಗಳೆಂದು ಸಂಶಯಪಡುತ್ತಿದ್ದವನು. ಎಲ್ಲರ ಮೇಲೂ ಅನುಮಾನಪಡುವ ಆ ದೇಶಭಕ್ತನನ್ನು ಕಥೆಯೇ ಇವನು ನಮ್ಮವನಲ್ಲ ಎಂದು ಹೊರಹಾಕಿತು. ಕಾಮಿಕ್ಸ್‌ನಲ್ಲಿ ಹಳೆಯ ತಪ್ಪುಗಳಿಗೆ ತೇಪೆ ಹಾಕುವುದು ದಿನನಿತ್ಯದ ಕೆಲಸ, ಆದರೆ ಇಷ್ಟು ಅರ್ಥವತ್ತಾದ ತೇಪೆಯನ್ನು ನಾನು ಇನ್ನೊಂದು ಕಂಡಿಲ್ಲ.

ನಾನು ಪೂರ್ತಿಯಾಗಿ ಸೋತದ್ದು ಬ್ರೂಬೇಕರ್ ಕೈಯಲ್ಲಿ. 2004ರ ಕೊನೆಯಲ್ಲಿ ಅವರು ಕಥೆಯನ್ನು ಕೈಗೆತ್ತಿಕೊಂಡಾಗ ಕಾಮಿಕ್ಸ್ ಓದುಗರಲ್ಲಿ ಒಂದು ಮಾತು ಚಾಲ್ತಿಯಲ್ಲಿತ್ತು: ಇಲ್ಲಿ ಸತ್ತವರೆಲ್ಲ ಎದ್ದು ಬರುತ್ತಾರೆ, ಬಕ್ಕಿಯೊಬ್ಬನ ಹೊರತು. ಬಕ್ಕಿ ಎಂದರೆ ಯುದ್ಧಕಾಲದಲ್ಲಿ ಕ್ಯಾಪ್ಟನ್ ಜೊತೆಗಿದ್ದ ಹುಡುಗ. ಸ್ಫೋಟಕ ತುಂಬಿದ ವಿಮಾನದ ಜೊತೆ ಸಿಡಿದುಹೋದವನು, ಕ್ಯಾಪ್ಟನ್ ಉಳಿಸಲಾರದೆ ಹೋದವನು. ಬ್ರೂಬೇಕರ್ ಅವನನ್ನೇ ಎಬ್ಬಿಸಿದರು. ಒಂದು ಕೈ ಕಳೆದುಕೊಂಡು ಸೋವಿಯತ್ ಸೈನ್ಯದ ಕೈಗೆ ಸಿಕ್ಕ ಅವನನ್ನು ನೆನಪು ಅಳಿಸಿ ಕೊಲೆಗಾರನನ್ನಾಗಿ ಮಾಡಿದ್ದಾರೆ. ಕೆಲಸವಿದ್ದಾಗ ಎಬ್ಬಿಸಿ, ಮುಗಿದ ಮೇಲೆ ಮತ್ತೆ ಶೀತಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಇದನ್ನು ಕೇಳಿದರೆ ಅಗ್ಗದ ಗಿಮಿಕ್ ಅನ್ನಿಸಬಹುದು. ಓದಿದರೆ ಹಾಗನ್ನಿಸದು. ಬ್ರೂಬೇಕರ್ ತಂದೆ ನೌಕಾದಳದಲ್ಲಿದ್ದವರು, ಮಗ ಬೆಳೆದದ್ದು ನೌಕಾನೆಲೆಗಳಲ್ಲಿ. ಸೈನಿಕರ ಮನೆಯ ಮೌನವೇನೆಂದು ಬಲ್ಲವರು ಬರೆದ ಕಥೆಯಂತೆ ಅದು ನನಗೆ ಕಂಡಿತು. ಅದಾದ ಮೇಲೆಯೇ ನನ್ನ ಹೆಸರಿನ ಚೀಟಿ ಅಂಗಡಿಯ ಪೆಟ್ಟಿಗೆ ಸೇರಿದ್ದು.

ಇನ್ನು ಅವನ ಕೈಗೆ ಬೇಡಿ ಬಿದ್ದ ಕಾರಣಕ್ಕೆ ಬರಬೇಕು. 2006-07ರಲ್ಲಿ ಮಾರ್ಕ್ ಮಿಲ್ಲರ್ ಬರೆದು ಸ್ಟೀವ್ ಮೆಕ್‌ನಿವನ್ ಚಿತ್ರಿಸಿದ 'ಸಿವಿಲ್ ವಾರ್' ಎಂಬ ಸೂಪರ್‌ಹೀರೋಗಳ ಅಂತರ್ಯುದ್ಧದ ಕಥೆಯಲ್ಲಿ, ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್ ಊರಿನಲ್ಲಿ ಎಳೆಯ ಸೂಪರ್‌ಹೀರೋಗಳ ಗುಂಪೊಂದು ಟಿವಿ ಕಾರ್ಯಕ್ರಮಕ್ಕಾಗಿ ಖಳರನ್ನು ಹಿಡಿಯಲು ಹೋಗಿ, ಶಾಲಾ ಮಕ್ಕಳೂ ಸೇರಿ ನೂರಾರು ಜನ ಸಾಯುತ್ತಾರೆ. ಸರ್ಕಾರ ಕಾನೂನು ತರುತ್ತದೆ: ವಿಶೇಷ ಶಕ್ತಿಯುಳ್ಳವರೆಲ್ಲ ಬಂದು ಹೆಸರು ನೋಂದಾಯಿಸಬೇಕು, ನಿಜವಾದ ಗುರುತು ಕೊಡಬೇಕು, ಸರ್ಕಾರದ ಅಡಿಯಲ್ಲಿ ಕೆಲಸ ಮಾಡಬೇಕು. ಐರನ್ ಮ್ಯಾನ್ ಎಂಬ ಇನ್ನೊಬ್ಬ ಸೂಪರ್‌ಹೀರೋ ಕಾನೂನಿನ ಪರವಾಗಿ ನಿಲ್ಲುತ್ತಾನೆ, ಕ್ಯಾಪ್ಟನ್ ಒಪ್ಪದೆ ಭೂಗತನಾಗುತ್ತಾನೆ. ಕಥೆ ಕೆಲವು ಕಡೆ ಒರಟಾಗಿದೆ, ಐರನ್ ಮ್ಯಾನ್ ಪಾಲಿಗೆ ಸ್ವಲ್ಪ ಅನ್ಯಾಯವೂ ಆಗಿದೆ; ಸತ್ತ ಮಕ್ಕಳ ತಾಯಂದಿರ ಪ್ರಶ್ನೆಗೆ ಕ್ಯಾಪ್ಟನ್ ಬಳಿ ಉತ್ತರವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ನೋಂದಣಿ ಎಂಬ ಆ ಪದವನ್ನು ನನ್ನಂಥವರು ಕಥೆಯ ಪದವಾಗಿ ಮಾತ್ರ ಓದುವಂತಿರಲಿಲ್ಲ.

2003ರ ಆರಂಭದಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಲಾಹೋರಿನ ಸಹೋದ್ಯೋಗಿಯೊಬ್ಬರು ಇದ್ದರು. 2001ರ ದಾಳಿಗಳ ನಂತರ ಅಮೆರಿಕದ ಸರ್ಕಾರ ಕೆಲವು ದೇಶಗಳ ಗಂಡಸರು, ಹದಿನಾರು ವರ್ಷ ದಾಟಿದವರು, ವಲಸೆ ಕಚೇರಿಗೆ ಬಂದು ವಿಶೇಷವಾಗಿ ನೋಂದಾಯಿಸಿಕೊಳ್ಳಬೇಕೆಂದು ಆದೇಶಿಸಿತ್ತು. ಪಟ್ಟಿಯಲ್ಲಿದ್ದವು ಹೆಚ್ಚಾಗಿ ಮುಸ್ಲಿಂ ಬಹುಸಂಖ್ಯಾತ ದೇಶಗಳು. ಪಾಕಿಸ್ತಾನ ಇತ್ತು, ಭಾರತ ಇರಲಿಲ್ಲ. ಒಂದೇ ಕಚೇರಿ, ಒಂದೇ ಬಗೆಯ ವೀಸಾ, ಮಧ್ಯಾಹ್ನದ ಊಟವೂ ಒಂದೇ ಮೇಜಿನಲ್ಲಿ. ಆದರೆ ಅವರು ಹೋಗಬೇಕಿತ್ತು, ನಾನು ಹೋಗಬೇಕಾಗಿರಲಿಲ್ಲ. ಜೊತೆಗೆ ಬನ್ನಿ ಎಂದು ಕೇಳಿದರು, ಹೋದೆ. ಬೆಳಿಗ್ಗೆ ಆರೂವರೆಗೆ ಸಾಲಿನಲ್ಲಿ ನಿಂತೆವು. ಅವರ ಕೈಯಲ್ಲಿ ಬಾಡಿಗೆ ಕರಾರು, ಸಂಬಳದ ಚೀಟಿಗಳು, ಪದವಿ ಪ್ರಮಾಣಪತ್ರ, ಎಲ್ಲವೂ ಒಂದು ಹಸಿರು ಫೈಲಿನಲ್ಲಿದ್ದವು. ಚಳಿಗೆ ಕೈಗವಸು ಹಾಕಿದ್ದರಿಂದ ಪದೇ ಪದೇ ಫೈಲು ಜಾರಿ ಬೀಳುತ್ತಿತ್ತು. ಒಳಗೆ ಬೆರಳಚ್ಚು, ಫೋಟೋ, ಪ್ರಶ್ನೆಗಳು. ಸಂಜೆ ಹೊರಬಂದವರು ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಚಹಾ ಕುಡಿಯೋಣ ಎಂದರು. ಆ ದಿನದ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಲಿಲ್ಲ.

ಹೀಗಾಗಿ ಮೂರು ವರ್ಷಗಳ ನಂತರ, ಎದೆಯ ಮೇಲೆ ಅಮೆರಿಕದ ನಕ್ಷತ್ರ ಹೊತ್ತವನೇ ಈ ನೋಂದಣಿಯನ್ನು ನಾನು ಒಪ್ಪಲಾರೆ ಎಂದಾಗ, ಆ ಮಾತು ನನಗೆ ಹಳೆಯ ಬಾಕಿಯೊಂದು ತೀರಿದಂತೆ ಕೇಳಿಸಿತು. ಅವನು ಮಾತಾಡಿದ್ದು ನಮ್ಮ ಬಗ್ಗೆ ಅಲ್ಲ, ಅದು ಗೊತ್ತಿತ್ತು. ಗೊತ್ತಿದ್ದೂ ಹಾಗೆ ಕೇಳಿಸಿತು. ಅಂತರ್ಯುದ್ಧದ ಕೊನೆಯ ಸಂಚಿಕೆಯಲ್ಲಿ ಅವನು ಗೆಲ್ಲುವ ಹಂತಕ್ಕೆ ಬಂದಿರುತ್ತಾನೆ. ಆಗ ಅವನ ಮೇಲೆ ಬಿದ್ದು ಹಿಡಿಯುವವರು ಬೇರೆ ಸೂಪರ್‌ಹೀರೋಗಳಲ್ಲ, ಅಗ್ನಿಶಾಮಕ ದಳದವರು, ಆಂಬುಲೆನ್ಸ್‌ನವರು, ರಸ್ತೆಯ ಜನ. ಸುತ್ತ ನೋಡುತ್ತಾನೆ: ಊರು ಹಾಳಾಗಿದೆ, ಹಾಳು ಮಾಡಿದ್ದು ತಾವೇ. ಮುಖವಾಡ ತೆಗೆದು ಕೈ ಒಡ್ಡುತ್ತಾನೆ. ಬಂಧನಕ್ಕೆ ಒಳಗಾಗುತ್ತಿರುವವನು ಕ್ಯಾಪ್ಟನ್ ಅಮೆರಿಕ ಅಲ್ಲ, ಸ್ಟೀವ್ ರೋಜರ್ಸ್ ಎಂಬರ್ಥದ ಮಾತು ಹೇಳಿ ಹೋಗುತ್ತಾನೆ. ಸರ್ಕಾರಕ್ಕೆ ತಲೆಬಾಗದವನು ಆಂಬುಲೆನ್ಸ್ ಓಡಿಸುವವನ ಮುಂದೆ ತಲೆ ತಗ್ಗಿಸಿದ. ನ್ಯಾಯಾಲಯದ ಮೆಟ್ಟಿಲ ಮೇಲೆ ಅವನು ಪಕ್ಕಕ್ಕೆ ತಳ್ಳಿದ ಆ ಪೊಲೀಸನೂ ಅದೇ ರಸ್ತೆಯ ಜನಗಳಲ್ಲಿ ಒಬ್ಬ.

ಸುದ್ದಿ ಹೊರಬಿದ್ದ ಮೇಲೆ ಒಂದು ವಾರ ಎಲ್ಲೆಲ್ಲೂ ಇದರದೇ ಮಾತು. ಇದು ಇರಾಕ್ ಯುದ್ಧದ ರೂಪಕವೆಂದು ಕೆಲವರು, ಅಮೆರಿಕದ ಕನಸೇ ಸತ್ತಿತೆಂದು ಕೆಲವರು ಬರೆದರು. ಬ್ರೂಬೇಕರ್ ಆಡಿದ ಮಾತು ಅವಕ್ಕಿಂತ ಚೆನ್ನಾಗಿತ್ತು: ಎಡಪಂಥದ ಓದುಗರಿಗೆ ಕ್ಯಾಪ್ಟನ್ ಬೀದಿಯಲ್ಲಿ ನಿಂತು ಬುಷ್ ವಿರುದ್ಧ ಭಾಷಣ ಮಾಡಬೇಕು, ಬಲಪಂಥದವರಿಗೆ ಅವನು ಬಾಗ್ದಾದಿಗೆ ಹೋಗಿ ಸದ್ದಾಂಗೆ ಗುದ್ದಬೇಕು ಎಂದು ಅವರು ಹೇಳಿದ್ದರು. ಹಾಸ್ಯನಟ ಸ್ಟೀಫನ್ ಕೋಲ್ಬೇರ್‌ಗೆ ಕಾಮಿಕ್ಸ್‌ನ ಪ್ರಕಾಶಕರಾದ ಮಾರ್ವೆಲ್‌ನವರು ಕ್ಯಾಪ್ಟನ್‌ನ ಗುರಾಣಿ ಕಳುಹಿಸಿದರು. ಅವರು ಅದನ್ನು ಕಾರ್ಯಕ್ರಮದಲ್ಲಿ ಸ್ವೀಕರಿಸಿದ್ದನ್ನು ನೋಡಿ ನಾನೂ ನಕ್ಕೆ. ನನಗೆ ನಿಜವಾಗಿ ತಾಗಿದ್ದು ಆಗ ತೊಂಬತ್ತು ದಾಟಿದ್ದ ಜೋ ಸೈಮನ್ ಅವರ ಪ್ರತಿಕ್ರಿಯೆ. ಹೋಗುವುದಕ್ಕೆ ಇದೆಂಥ ಕಾಲ, ನಮಗೆ ಅವನು ಬೇಕಾಗಿರುವುದೇ ಈಗ ಎಂಬ ಅರ್ಥದಲ್ಲಿ ಅವರು ಹೇಳಿದ್ದರು. ಕರ್ಬಿ 1994ರಲ್ಲೇ ತೀರಿಕೊಂಡಿದ್ದರು. ಒಟ್ಟಿಗೆ ಹಡೆದ ಕೂಸಿನ ಸಾವನ್ನು ನೋಡಲು ಇಬ್ಬರಲ್ಲಿ ಒಬ್ಬರು ಮಾತ್ರ ಉಳಿದಿದ್ದರು.

ಕಥೆಯೊಳಗಿನ ಶೋಕವನ್ನು ಲೇಖಕ ಜೆಫ್ ಲೋಬ್ ಐದು ಸಂಚಿಕೆಗಳಲ್ಲಿ ಬರೆದರು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ, ಒಂದೊಂದಕ್ಕೆ ಒಂದೊಂದು. ಯೋಜನೆ ತುಸು ಪಠ್ಯಪುಸ್ತಕದಂತಿದೆ. ಆದರೆ ಅದಕ್ಕೆ ಎರಡು ವರ್ಷ ಮುಂಚೆ ಲೋಬ್ ತಮ್ಮ ಹದಿಹರೆಯದ ಮಗನನ್ನು ಕ್ಯಾನ್ಸರ್‌ಗೆ ಕಳೆದುಕೊಂಡಿದ್ದರೆಂದು ತಿಳಿದ ಮೇಲೆ ಆ ಪುಟಗಳನ್ನು ಟೀಕಿಸುವ ಮನಸ್ಸಾಗಲಿಲ್ಲ. ಆರ್ಲಿಂಗ್ಟನ್‌ನ ಸೈನಿಕ ಸ್ಮಶಾನದಲ್ಲಿ ಸರ್ಕಾರಿ ಗೌರವದೊಂದಿಗೆ ಹೂಳುವ ಪೆಟ್ಟಿಗೆ ಖಾಲಿ. ನಿಜವಾದ ದೇಹವನ್ನು ಐರನ್ ಮ್ಯಾನ್ ಉತ್ತರ ಧ್ರುವದ ಕಡಲಿಗೆ, ಕ್ಯಾಪ್ಟನ್ ಹಿಂದೆ ಹೆಪ್ಪುಗಟ್ಟಿ ಮಲಗಿದ್ದ ನೀರಿಗೇ ಒಪ್ಪಿಸುತ್ತಾನೆ. ಬ್ರೂಬೇಕರ್ ಕಥೆಯಲ್ಲಿ ಇನ್ನೊಂದು ನೋಟವಿದೆ: ಶವಾಗಾರದಲ್ಲಿ ಆ ದೇಹ ಕುಗ್ಗಿಹೋಗಿದೆ, ಔಷಧದ ಶಕ್ತಿ ಇಳಿದು, ಸೈನ್ಯ ಬೇಡವೆಂದ ಆ ಬಡಕಲು ಹುಡುಗನಷ್ಟೇ ಉಳಿದಿದ್ದಾನೆ. ಬಾವುಟದ ಬಟ್ಟೆಯೊಳಗೆ ಇದ್ದವನು ಕೊನೆಯವರೆಗೂ ಅವನೇ. ಅದೇ ವರ್ಷ ಬಂದ ಮತ್ತೊಂದು ಸಂಚಿಕೆಯಲ್ಲಿ ಐರನ್ ಮ್ಯಾನ್ ಕ್ಯಾಪ್ಟನ್ ಮುಂದೆ ಕುಳಿತು, ಯುದ್ಧ ಏಕೆ ಅನಿವಾರ್ಯವಾಯಿತೆಂದು ಪುಟಗಟ್ಟಲೆ ವಾದಿಸುತ್ತಾನೆ. ಕೇಳುತ್ತಿರುವುದು ಹೆಣವೆಂದು ಗೊತ್ತಾಗುವುದು ಕೊನೆಗೆ. ಇಷ್ಟೆಲ್ಲ ಮಾಡಿದ್ದು ವ್ಯರ್ಥವಾಯಿತು ಎಂದು ಅವನು ಅಳುವುದು ಆಗ.

ಎರಡು ವರ್ಷಕ್ಕೆ ಕ್ಯಾಪ್ಟನ್ ಮರಳಿ ಬಂದ. ನಡುವೆ 2008ರಲ್ಲಿ ಬಕ್ಕಿಯೇ ಗುರಾಣಿ ಹಿಡಿದಿದ್ದ. ಒಬ್ಬ ಸತ್ತರೆ ಅವನ ಮಗ ಅದೇ ಮುಖವಾಡ ಹಾಕಿಕೊಳ್ಳುವ ಫ್ಯಾಂಟಮ್ ಕಥೆಯಲ್ಲಿ ಬೆಳೆದ ನನಗೆ ಅದು ಸಹಜವೆನಿಸಿತ್ತು, ಹಾಗೆಯೇ ಮುಂದುವರಿಯಲಿ ಎಂದೂ ಅನಿಸಿತ್ತು. 2009ರಲ್ಲಿ ಸ್ಟೀವ್ ರೋಜರ್ಸ್ ಎದ್ದು ಬರುವ ಕಥೆ ಆರಂಭವಾಯಿತು. ಆ ಗುಂಡು ಗುಂಡಾಗಿರಲಿಲ್ಲ, ಅವನು ಕಾಲದಲ್ಲಿ ಹಿಂದುಮುಂದಾಗಿ ಸಿಕ್ಕಿಕೊಂಡಿದ್ದ ಎಂಬ ವಿವರಣೆ. ಆ ವರ್ಷ ರಜೆಗೆ ಊರಿಗೆ ಹೋದಾಗ ಕೆರೆ ಏರಿಯ ಮೇಲಿನ ವೀರಗಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಶಿವಮೊಗ್ಗ ಸೀಮೆಯ ಹಳ್ಳಿಗಳಲ್ಲಿ ಇಂಥವು ಹಲವು. ತುರುಗಳನ್ನು ಬಿಡಿಸಲು ಹೋಗಿ ಸತ್ತವನೊಬ್ಬನ ಕಲ್ಲು, ಅಕ್ಷರಗಳು ಸವೆದುಹೋಗಿವೆ. ಚಿಕ್ಕಂದಿನಲ್ಲಿ ಹೊಳೆಯದಿದ್ದದ್ದು ಆಗ ಹೊಳೆಯಿತು: ಇದೂ ಚೌಕ ಚೌಕವಾಗಿ ಹೇಳಿದ ಚಿತ್ರಕಥೆಯೇ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಚೌಕದಲ್ಲಿ ಕಾಳಗ, ನಡುವಿನದರಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ಶಿವಸನ್ನಿಧಿ, ಅದರ ಮೇಲೆ ಸೂರ್ಯ ಚಂದ್ರ. ಅವನು ಕೆಳಗಿಳಿದು ಬರುವ ನಾಲ್ಕನೆಯ ಚೌಕವನ್ನು ಆ ಶಿಲ್ಪಿ ಕೆತ್ತಿಲ್ಲ. ಹಾಗೆಂದು ಕ್ಯಾಪ್ಟನ್ ಮರಳಿದ ಸಂಚಿಕೆಗಳನ್ನು ನಾನು ಬಿಟ್ಟೆನೇ? ಒಂದೂ ಬಿಡದೆ ಕೊಂಡೆ. ಅಂದು ತಲೆಗೆ ಹಾಕಿಕೊಂಡ ನೀರು ದಂಡವಾಯಿತೆಂದು ಹೆಂಡತಿ ಆಡಿಕೊಂಡಳು.

25ನೇ ಸಂಚಿಕೆ ಬಂದ ಮರುವಾರ ನಾನು ಊಟದ ಹೊತ್ತಿನಲ್ಲಿ ಫೋಲಿ ಚೌಕಕ್ಕೆ ನಡೆದು ಹೋಗಿದ್ದೆ. ಅಲ್ಲಿಯ ಹಳೆಯ ಫೆಡರಲ್ ನ್ಯಾಯಾಲಯಕ್ಕೆ ಸಾಲು ಕಂಬಗಳೂ ಅಗಲವಾದ ಮೆಟ್ಟಿಲುಗಳೂ ಇವೆ. ಚಿತ್ರದಲ್ಲಿರುವುದು ಇದೇ ಕಟ್ಟಡವೋ ಅಲ್ಲವೋ, ನನಗೆ ಇದೇ ಸಾಕಿತ್ತು. ಜೊತೆಗೆ ಆ ಲಾಹೋರಿನ ಸಹೋದ್ಯೋಗಿ. ಕಾಮಿಕ್ಸ್ ಓದುವ ಅಭ್ಯಾಸ ಅವರಿಗಿರಲಿಲ್ಲ. ಎದುರಿನ ಬೆಂಚಿನ ಮೇಲೆ ಕುಳಿತು, ಗಾಡಿಯಿಂದ ತಂದ ಕಾಫಿ ಪಕ್ಕಕ್ಕಿಟ್ಟು, ಸಂಚಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೂ ಮಾತಾಡದೆ ಓದಿದರು. ಮುಗಿಸಿದ ಮೇಲೆ ಮತ್ತೆ ಲೇಸರ್ ಚುಕ್ಕೆಯ ಪುಟಕ್ಕೆ ಬಂದು, ಇವನು ಶರಣಾಗಬಾರದಿತ್ತು ಎಂದರು. ಸ್ವಲ್ಪ ಹೊತ್ತಿನ ಮೇಲೆ, ಮನೆಗೆ ಒಯ್ಯಲೇ, ಮಗನಿಗೆ ತೋರಿಸುತ್ತೇನೆ ಎಂದು ಕೇಳಿದರು. ಆ ಬೇಸಿಗೆಯಲ್ಲಿ ಅವರ ಕುಟುಂಬ ಟೊರಾಂಟೋಗೆ ಹೋಯಿತು. ಈಗ ನನ್ನ ಕಪಾಟಿನಲ್ಲಿರುವುದು ಎರಡನೆಯ ಮುದ್ರಣ. ಮೊದಲನೆಯದು, ಒಳಗಿನ ಆ ಅರ್ಧ ಹೆಸರಿನ ಚೀಟಿಯ ಸಮೇತ, ಅಲ್ಲಿದೆ.